ನಡಕ್ಕೆ ಕೊಡುವ ಸೂಜಿ, ಆಮೇಲಿನ ನೋವು

ಆಳಂದದ ಸಹೋದರಿಗೆ,
ತಾಯಿಯವರ ಗರ್ಭಕೋಶದ ಆಪರೇಷನ್ ಕಲಬುರಗಿಯಲ್ಲಿದೆ, ನಡಕ್ಕೆ ಸೂಜಿ ಕೊಟ್ಟು ಹೊಟ್ಟೆಯಿಂದ ಕೆಳಗೆ ಮರಗಟ್ಟಿಸುತ್ತಾರೆ (ಸ್ಪೈನಲ್ ಅನಸ್ತೇಶಿಯಾ), 'ಬೆನ್ನಿಗೆ ಸೂಜಿ ಚುಚ್ಚಿದ್ರ ಸಾಯೋತನಕ ನಡಾ ನೋಯ್ತದ' ಅಂತ ಓಣಿಯವರು ಹೆದರಿಸಿದ್ದಾರೆ, ಮರಗಟ್ಟಿದ್ದು ಇಳಿದ ಮೇಲೆ ಅವ್ವ ನೋವು ಹೇಗೆ ತಡೀತಾಳೆ ಅಂತ ಕೇಳಿದ್ದೀರಿ.

ಚುಚ್ಚಿದ ಜಾಗ ಕೆಲವು ದಿನ ನೋಯಬಹುದು. ವರ್ಷಗಟ್ಟಲೆ ಉಳಿಯುವ ನಡುನೋವಿಗೆ ಈ ಸೂಜಿ ಕಾರಣ ಅಂತ ಸಂಶೋಧನೆಗಳು ಹೇಳುವುದಿಲ್ಲ. ಕೆಲವರಿಗೆ ತಲೆನೋವು ಬರುತ್ತದೆ. ಕೂತರೆ ಹೆಚ್ಚಾಗಿ, ಮಲಗಿದರೆ ಇಳಿದರೆ ವೈದ್ಯರಿಗೆ ಹೇಳಿ, ಚಿಕಿತ್ಸೆ ಇದೆ. 1898ರಲ್ಲಿ ಈ ವಿಧಾನ ಶುರುಮಾಡಿದ ಜರ್ಮನಿಯ ಆಗಸ್ಟ್ ಬೀರ್ ಅವರಿಗೂ ಅದು ಬಂದಿತ್ತು. ಈಗಿನ ಸೂಜಿಗಳು ತೀರಾ ಸಣ್ಣ, ಹಾಗಾಗಿ ಈ ತಲೆನೋವು ಕಡಿಮೆ.

ಮರಗಟ್ಟಿಸುವ ಔಷಧಿ ಬುಪಿವಕೇನ್ ಒಂದನ್ನೇ ಕೊಟ್ಟರೆ ಸುಮಾರು 2-3 ಗಂಟೆ ಮರಗಟ್ಟಿರುತ್ತದೆ. ಜೊತೆಗೆ ಫೆಂಟನಿಲ್ ಅಥವಾ ಡೆಕ್ಸ್‌ಮೆಡಿಟೊಮಿಡಿನ್ ಎಂಬ ಔಷಧಿಯನ್ನು ತೀರಾ ಸಣ್ಣ ಪ್ರಮಾಣದಲ್ಲಿ (ಮೈಕ್ರೋಗ್ರಾಂ ಲೆಕ್ಕದಲ್ಲಿ) ಬೆರೆಸಿದರೆ ನೋವಿಲ್ಲದ ಹೊತ್ತು ಉದ್ದವಾಗುತ್ತದೆ. ಅನಸ್ತೇಶಿಯಾ ಪಿಜಿ ವಿದ್ಯಾರ್ಥಿಗಳು ಇವೆರಡನ್ನೂ ಹೋಲಿಸಿ ಎಷ್ಟೋ ಪ್ರಬಂಧ ಬರೆದಿದ್ದಾರೆ. ಡೆಕ್ಸ್‌ಮೆಡಿಟೊಮಿಡಿನ್ ಹೆಚ್ಚು ಹೊತ್ತು ತಡೆಯುತ್ತದೆ, ಆದರೆ ನಾಡಿ ಬಡಿತ ಇಳಿಸಬಹುದು. ಫೆಂಟನಿಲ್‌ನಿಂದ ಮೈ ತುರಿಕೆ ಬರಬಹುದು. ಆಯ್ಕೆ ವೈದ್ಯರದು. ಹೃದಯದ ತೊಂದರೆ, ಬಿಪಿ ಮಾತ್ರೆ, ಮುಖ್ಯವಾಗಿ ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಮುಚ್ಚಿಡದೆ ಹೇಳಿ.

ನಮ್ಮ ಕಡೆ ಹೆಣ್ಣುಮಕ್ಕಳು ಹಲ್ಲು ಕಚ್ಚಿಕೊಂಡು ಸುಮ್ಮನೆ ಮಲಗುತ್ತಾರೆ. ದಯವಿಟ್ಟು ಅವ್ವನಿಗೆ ಹಾಗೆ ಮಾಡಲು ಬಿಡಬೇಡಿ. ನೋವಿದ್ದರೆ ಉಸಿರು ಪೂರ್ತಿ ಎಳೆಯಲಾಗದು, ಕೆಮ್ಮಲಾಗದು, ಕಫ ಕಟ್ಟುತ್ತದೆ. ಓಡಾಡದಿದ್ದರೆ ಕಾಲಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ. ಮರಗಟ್ಟಿದ್ದು ಇಳಿಯುವ ಮುಂಚೆಯೇ ಪ್ಯಾರಾಸಿಟಮಾಲ್ ಶುರುಮಾಡಿ, ಹೊತ್ತು ಹೊತ್ತಿಗೆ ಕೊಡುತ್ತೀರಾ ಅಂತ ವೈದ್ಯರನ್ನು ಇಂದೇ ಕೇಳಿ. ನೋವಿಗೆ 0ಯಿಂದ 10ರೊಳಗೆ ಅಂಕ ಕೇಳಿದರೆ ಅವ್ವ ಇದ್ದದ್ದು ಇದ್ದ ಹಾಗೆ ಹೇಳಲಿ.