ಹಳೇ ಬುಲೆಟ್ ಬೈಕಿನ ಎಂಜಿನ್ ಹೆಡ್ ಬಿಚ್ಚಿದ್ದೇನೆ. ವಾಲ್ವ್ ಗೈಡ್ (ವಾಲ್ವ್ ಕಡ್ಡಿ ಮೇಲೆ ಕೆಳಗೆ ಜಾರುವ ಕೊಳವೆ) ಸವೆದಿದೆಯಾ ಅಂತ ನೋಡುವುದು ಹೇಗೆ?

ಮೊದಲು ವಾಲ್ವ್ ಕಡ್ಡಿಗೂ ಗೈಡ್ ಒಳಗೂ ಅಂಟಿರುವ ಮಸಿ ತೆಗೆಯಿರಿ. ಮಸಿ ಇದ್ದರೆ ಸವೆದ ಗೈಡೂ ಬಿಗಿಯಾಗಿಯೇ ಕಾಣುತ್ತದೆ. ಆಮೇಲೆ ವಾಲ್ವನ್ನು ಅದರ ಸೀಟಿನಿಂದ (ವಾಲ್ವ್ ತಲೆ ಕೂರುವ ಬಳೆ) ಸುಮಾರು 10 ಮಿ.ಮೀ. ಎತ್ತಿ ಹಿಡಿದು ಅಡ್ಡಡ್ಡ ಅಲ್ಲಾಡಿಸಿ. ಟಕಟಕ ಅಂತ ಕೈಗೇ ಗೊತ್ತಾದರೆ ಅನುಮಾನವೇ ಬೇಡ, ಸವೆದಿದೆ. ಡಯಲ್ ಗೇಜ್ (ಸಣ್ಣ ಅಲುಗಾಟವನ್ನು ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ) ಇದ್ದರೆ ವಾಲ್ವ್ ತಲೆಯ ಅಂಚಿಗೆ ಇಟ್ಟು ನೋಡಿ, ಆದರೆ ಅಲ್ಲಿ ಕಾಣುವ ಆಟ ನಿಜವಾದ ಸಂದಿಗಿಂತ ಜಾಸ್ತಿ ಇರುತ್ತದೆ, ಗಾಬರಿಯಾಗಬೇಡಿ.

ಸವೆದಿರುವುದು ಗೈಡೋ ಕಡ್ಡಿಯೋ? ಇಲ್ಲೇ ತುಂಬಾ ಜನ ಎಡವುವುದು. ಹೊಸ ವಾಲ್ವ್ ಹಾಕಿ ಮತ್ತೆ ಅಲ್ಲಾಡಿಸಿ. ಆಗಲೂ ಅಷ್ಟೇ ಆಡಿದರೆ ತಪ್ಪು ಗೈಡ್‌ದು. ಕಡ್ಡಿಯನ್ನು ಮೈಕ್ರೋಮೀಟರ್‌ನಲ್ಲಿ ಮೇಲೆ, ನಡುವೆ, ಕೆಳಗೆ ಅಳೆಯಿರಿ, ಗೈಡನ್ನೂ ಹಾಗೇ, ಯಾಕೆಂದರೆ ಅದು ತುದಿಗಳಲ್ಲೇ ಗಂಟೆಯ ಬಾಯಿಯ ಹಾಗೆ ಅಗಲವಾಗುತ್ತದೆ. ಎಕ್ಸಾಸ್ಟ್ ಕಡೆ ಬಿಸಿ ಜಾಸ್ತಿ, ಅಲ್ಲಿ ಸಂದಿಯೂ ಸ್ವಲ್ಪ ಹೆಚ್ಚೇ ಇರಬೇಕು. ಮಿತಿ ಎಷ್ಟು ಅನ್ನುವುದನ್ನು ನಿಮ್ಮ ಮಾಡೆಲ್‌ನ ಮ್ಯಾನುಯಲ್‌ನಲ್ಲೇ ನೋಡಿ.

ಗಾಡಿ ಓಡುತ್ತಿದ್ದಾಗ ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಮತ್ತೆ ಕೊಟ್ಟಾಗ ನೀಲಿ ಹೊಗೆ ಬರುತ್ತಿತ್ತಾ? ಹಾಗಿದ್ದರೆ ಇನ್‌ಲೆಟ್ ಗೈಡ್ (ಪೆಟ್ರೋಲ್-ಗಾಳಿ ಒಳಗೆ ಬರುವ ಕಡೆಯದು) ಮೇಲೆ ಕಣ್ಣಿಡಿ.

ಬೆಂಗಳೂರಿನ ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಯಿಂದ ಗೈಡ್ ತಂದು ಸುಮ್ನೆ ಸುತ್ತಿಗೆಯಲ್ಲಿ ಹೊಡೆದು ಕೂರಿಸಬೇಡಿ. ಅಲ್ಯೂಮಿನಿಯಂ ಹೆಡ್ ಆದರೆ ಬಿಸಿ ಮಾಡಿಯೇ ಕೂರಿಸಬೇಕು, ಆಮೇಲೆ ರೀಮರ್ (ತೂತನ್ನು ಸರಿಯಾದ ಅಳತೆಗೆ ಕೊರೆಯುವ ಸಾಧನ) ಹಾಕಿಸಿ ಸೀಟನ್ನೂ ಹೊಸದಾಗಿ ಕಟ್ ಮಾಡಿಸಿ. (ಮೈಸೂರಿನ ಹಳೇ ಯೆಜ್ಡಿಯವರಿಗೆ ಈ ತಲೆನೋವೇ ಇಲ್ಲ, ಅದು ಟೂ ಸ್ಟ್ರೋಕ್, ಇಂಥ ವಾಲ್ವೇ ಇಲ್ವಲ್ಲಾ!)