ಹಳೆಯ ಡೆಸ್ಕ್‌ಟಾಪಿಗೆ ಮುಂದಿನ ದಾರಿ: ವಿಂಡೋಸ್ 11, ಮ್ಯಾಕ್ ಮಿನಿ, ಲಿನಕ್ಸ್

ನಮಸ್ಕಾರ ಸರ್. ಚಾಮರಾಜಪೇಟೆಯ ನಿಮ್ಮ ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಕಟ್ಟಿಕೊಡುವ) ಅಂಗಡಿಯ ಡೆಸ್ಕ್‌ಟಾಪನ್ನು ಈಗಲೇ ಬದಲಿಸಬೇಕೇ, ಬದಲಿಸುವುದಾದರೆ ವಿಂಡೋಸ್ 11 ಇರುವ ಯಂತ್ರ ಕೊಳ್ಳಬೇಕೇ, ಎಂಜಿನಿಯರಿಂಗ್ ಓದುವ ಮಗಳು ಹೇಳುತ್ತಿರುವ ಆಪಲ್ ಸಂಸ್ಥೆಯ ಮ್ಯಾಕ್ ಮಿನಿ ತರಬೇಕೇ, ಇಲ್ಲವೇ ಈ ಗುಂಪಿನಲ್ಲಿ ಕೆಲವರು ಸೂಚಿಸಿದಂತೆ ಇರುವುದಕ್ಕೇ ವಿಂಡೋಸ್ ಬದಲು ಉಚಿತ ಲಿನಕ್ಸ್ ಹಾಕಿಸಿ ಸುಮ್ಮನಾಗಬೇಕೇ ಎಂದು ಕೇಳಿದ್ದೀರಿ. 2017ರಲ್ಲಿ ಬೆಂಗಳೂರಿನ ಕಂಪ್ಯೂಟರ್ ಮಾರುಕಟ್ಟೆಯಾದ ಎಸ್.ಪಿ. ರಸ್ತೆಯಲ್ಲಿ ಜೋಡಿಸಿಕೊಂಡ ಯಂತ್ರ: ಇಂಟೆಲ್‌ನ ಏಳನೇ ತಲೆಮಾರಿನ ಐ5 ಪ್ರೊಸೆಸರ್, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಅದರಲ್ಲಿ ಪುಟ ಕಟ್ಟಲು ಪೇಜ್‌ಮೇಕರ್, ಕನ್ನಡ ಟೈಪಿಸಲು ನುಡಿ ಮತ್ತು ಲೆಕ್ಕಪತ್ರಕ್ಕೆ ಟ್ಯಾಲಿ. ಖರ್ಚಿಗೆ ಅರವತ್ತು ಸಾವಿರ ರೂಪಾಯಿಯ ಮಿತಿ. ಇಷ್ಟು ವಿವರ ಕೊಟ್ಟಿದ್ದೀರಿ. ನಾನೂ ಬಹಳ ವರ್ಷ ಮುದ್ರಣಾಲಯವೊಂದರಲ್ಲಿ ಪುಟ ಕಟ್ಟುವ ಕೆಲಸ ಮಾಡಿದವನಾದ್ದರಿಂದ ನಿಮ್ಮ ತೊಡಕು ನನಗೆ ಹೊಸದಲ್ಲ. ಉತ್ತರ ಸ್ವಲ್ಪ ಉದ್ದವಾಗುತ್ತದೆ, ಮನ್ನಿಸಬೇಕು.

ಮೂರರಲ್ಲಿ ಯಾವುದು ಒಳ್ಳೆಯದು ಎಂಬ ಚರ್ಚೆಗೆ ಕೊನೆಯಿಲ್ಲ. ಅದನ್ನು ಬದಿಗಿಟ್ಟು ನಿಮ್ಮ ಹಾರ್ಡ್ ಡಿಸ್ಕಿನಲ್ಲಿ ಏನಿದೆ ಎಂಬುದನ್ನು ಮೊದಲು ನೋಡೋಣ. ಲಗ್ನಪತ್ರಿಕೆ, ಕರಪತ್ರ, ದೇವಸ್ಥಾನದ ಆಹ್ವಾನ ಪತ್ರಿಕೆಗಳ ಹಳೆಯ ಕಡತಗಳೆಲ್ಲ ಪೇಜ್‌ಮೇಕರಿನಲ್ಲಿವೆ, ಅವುಗಳ ಅಕ್ಷರಗಳು ನುಡಿಯ ಹಳೆಯ ಫಾಂಟುಗಳಲ್ಲಿವೆ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿಯಾದ 7.0 ಬಂದದ್ದು 2001ರಲ್ಲಿ. ಅದರ ಒಡೆಯ ಅಡೋಬ್ ಸಂಸ್ಥೆ ಆಮೇಲೆ ಪುಟ ವಿನ್ಯಾಸದ ತನ್ನ ಇನ್ನೊಂದು ತಂತ್ರಾಂಶ ಇನ್‌ಡಿಸೈನ್ ಕಡೆಗೆ ತಿರುಗಿ ಇದನ್ನು ಕೈಬಿಟ್ಟಿತು. ಇನ್ನು ಹಳೆಯ ನುಡಿ ಫಾಂಟುಗಳಲ್ಲಿ ಕಾಣುವುದು ಕನ್ನಡವಾದರೂ ಕಡತದ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ವಧೂವರರ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಕಾಣಿಸುತ್ತದೆ. ಎಲ್ಲ ಭಾಷೆಗಳಿಗೂ ಸಾಮಾನ್ಯವಾದ ಸಂಕೇತ ಪದ್ಧತಿಯಾದ ಯೂನಿಕೋಡಿನಲ್ಲಿ ಕನ್ನಡಕ್ಕೆಂದೇ ಪ್ರತ್ಯೇಕ ಸಂಕೇತಗಳಿರುವುದರಿಂದ ಅದರಲ್ಲಿ ಬರೆದದ್ದು ಮೂರೂ ವ್ಯವಸ್ಥೆಗಳಲ್ಲಿ ಕನ್ನಡವಾಗಿಯೇ ತೆರೆದುಕೊಳ್ಳುತ್ತದೆ. ಆದ್ದರಿಂದ ನಿಮ್ಮನ್ನು ಒಂದು ವ್ಯವಸ್ಥೆಗೆ ಕಟ್ಟಿಹಾಕಿರುವುದು ಈ ಹಳೆಯ ಕಡತಗಳು. ಅವುಗಳಲ್ಲಿ ಎಷ್ಟನ್ನು ನೀವು ವರ್ಷಕ್ಕೊಮ್ಮೆಯಾದರೂ ತೆರೆಯುತ್ತೀರಿ ಎಂಬುದನ್ನು ಎಣಿಸಿ ನೋಡಿ. ನನ್ನ ಲೆಕ್ಕದಲ್ಲಿ ನೂರಕ್ಕೆ ಹತ್ತನ್ನೂ ತೆರೆಯುತ್ತಿರಲಿಲ್ಲ, ಆದರೆ ಆ ಹತ್ತೇ ನನ್ನ ಖಾಯಂ ಗಿರಾಕಿಗಳದ್ದಾಗಿದ್ದವು.

ಮ್ಯಾಕ್ ಮಿನಿಯ ಮಾತನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಯಂತ್ರ ಬಹಳ ಚೆನ್ನಾಗಿದ್ದರೂ ನಿಮ್ಮ ಅಂಗಡಿಗೆ ಅದು ಹೊಂದುವುದಿಲ್ಲ. 2024ರ ನವೆಂಬರಿನಲ್ಲಿ ಬಂದ ಎಂ4 ಮಾದರಿಯ ಆರಂಭಿಕ ಬೆಲೆ ನಮ್ಮಲ್ಲಿ 59,900 ರೂಪಾಯಿ ಇತ್ತು. ಅದರಲ್ಲಿ 16 ಜಿಬಿ ಮೆಮೊರಿ, 256 ಜಿಬಿ ಸಂಗ್ರಹ ಬರುತ್ತವೆ, ಮಾನಿಟರ್, ಕೀಬೋರ್ಡ್, ಮೌಸ್ ಬರುವುದಿಲ್ಲ. ಮೆಮೊರಿಯನ್ನು ಮುಂದೆ ಹೆಚ್ಚಿಸಿಕೊಳ್ಳಲು ಅವಕಾಶವಿಲ್ಲ, ಕೊಳ್ಳುವ ದಿನ ಎಷ್ಟೋ ಕೊನೆಯವರೆಗೂ ಅಷ್ಟೇ. ಬೆಲೆಗಿಂತ ದೊಡ್ಡ ಅಡ್ಡಿಯೆಂದರೆ ಪೇಜ್‌ಮೇಕರ್ ಇಂದಿನ ಮ್ಯಾಕ್ ವ್ಯವಸ್ಥೆಗೆ ಬರಲೇ ಇಲ್ಲ, ನುಡಿ ಮತ್ತು ಟ್ಯಾಲಿ ವಿಂಡೋಸಿಗಾಗಿ ಮಾಡಿದವು. ಹೊಸದಾಗಿ ಅಂಗಡಿ ತೆರೆದು, ಮೊದಲ ದಿನದಿಂದ ಯೂನಿಕೋಡ್ ಮತ್ತು ಇನ್‌ಡಿಸೈನಿನಲ್ಲಿಯೇ ಕೆಲಸ ಮಾಡುವವರು ಕೇಳಿದ್ದರೆ ನನ್ನ ಉತ್ತರ ಬೇರೆಯಾಗುತ್ತಿತ್ತು. ಅಗ್ಗಕ್ಕೆ ಸಿಗುತ್ತದೆಂದು ಹಳೆಯ ಇಂಟೆಲ್ ಮ್ಯಾಕ್ ಕೊಳ್ಳುವ ಯೋಚನೆ ಯಾರಿಗಾದರೂ ಇದ್ದರೆ ಬಿಟ್ಟುಬಿಡಿ: 2025ರಲ್ಲಿ ಬಂದ ಮ್ಯಾಕ್ ಓಎಸ್ ಟಾಹೋ ಇಂಟೆಲ್ ಯಂತ್ರಗಳಿಗೆ ಕೊನೆಯ ಆವೃತ್ತಿ ಎಂದು ಆಪಲ್ ಸಂಸ್ಥೆಯೇ ತಿಳಿಸಿದೆ.

ಲಿನಕ್ಸನ್ನು ನಾನು ಮನೆಯಲ್ಲಿ ಹದಿನೈದು ವರ್ಷಗಳಿಂದ ಬಳಸುತ್ತಿದ್ದೇನೆ, ಅದರ ಮೇಲೆ ನನಗೆ ಪ್ರೀತಿಯೇ ಇದೆ. ಆದರೂ ನಿಮ್ಮ ಅಂಗಡಿಯ ಒಂದೇ ಯಂತ್ರಕ್ಕೆ ಅದನ್ನು ಹಾಕಿ ಎಂದು ಹೇಳಲು ಮನಸ್ಸು ಬರುವುದಿಲ್ಲ. ಕನ್ನಡದ ಮಟ್ಟಿಗೆ ಕೊರತೆಯಿಲ್ಲ. ಲಿನಕ್ಸಿನ ಟೈಪಿಂಗ್ ಸಾಧನವಾದ ಐಬಸ್ ಮೂಲಕ ಕೆಜಿಪಿ ಎಂಬ ಕೀಲಿಮಣೆ ವಿನ್ಯಾಸವನ್ನು ಆರಿಸಿಕೊಂಡರೆ ನುಡಿಯಲ್ಲಿ ಪಳಗಿದ ಬೆರಳುಗಳು ಹೊಸದಾಗಿ ಕಲಿಯಬೇಕಾದದ್ದು ಅಷ್ಟಾಗಿ ಇರುವುದಿಲ್ಲ. ಗುಬ್ಬಿ, ನವಿಲು, ಲೋಹಿತ್, ನೋಟೋ ಮುಂತಾದ ಫಾಂಟುಗಳು ಉಚಿತವಾಗಿ ಸಿಗುತ್ತವೆ. ಪುಟ ವಿನ್ಯಾಸಕ್ಕೆ ಇರುವ ಸ್ಕ್ರೈಬಸ್ ಮೊದಲು ಕನ್ನಡದ ಒತ್ತಕ್ಷರಗಳನ್ನು ಚೆಲ್ಲಾಪಿಲ್ಲಿ ಮಾಡುತ್ತಿತ್ತು. 2024ರ ಜನವರಿಯಲ್ಲಿ ಬಂದ 1.6 ಆವೃತ್ತಿಯಲ್ಲಿ ಒತ್ತುಗಳು ಸರಿಯಾಗಿ ಕೂರುತ್ತವೆ. ಉಚಿತ ಕಚೇರಿ ತಂತ್ರಾಂಶವಾದ ಲಿಬ್ರೆ ಆಫೀಸ್ ಪೇಜ್‌ಮೇಕರ್ ಕಡತಗಳನ್ನು ತೆರೆಯುತ್ತದೆ ಎಂದು ಗುಂಪಿನಲ್ಲಿ ಒಬ್ಬರು ಬರೆದಿದ್ದಾರೆ. ಅದು ನಿಜ, ಆದರೆ ತೆರೆಯುವುದು ಬೇರೆ, ಗಿರಾಕಿ ಎದುರಿಗೆ ಕುಳಿತಿರುವಾಗ ಅಂಚು, ಚೌಕಟ್ಟು, ಗಣಪತಿಯ ಚಿತ್ರ ಎಲ್ಲವೂ ಇದ್ದಲ್ಲಿಯೇ ಇರುವುದು ಬೇರೆ. ಟ್ಯಾಲಿಯನ್ನು ವೈನ್ (ವಿಂಡೋಸ್ ತಂತ್ರಾಂಶಗಳನ್ನು ಲಿನಕ್ಸಿನಲ್ಲಿ ನಡೆಸುವ ಸಾಧನ) ಮೂಲಕ ಓಡಿಸಬಹುದೆಂಬ ಸಲಹೆಯನ್ನೂ ಓದಿದೆ. ಹವ್ಯಾಸಕ್ಕೆ ಮಾಡಿ ನೋಡಬಹುದು. ಜಿಎಸ್‌ಟಿ ಲೆಕ್ಕ ಇರುವ ಪುಸ್ತಕವನ್ನು ಅಂಥ ಪ್ರಯೋಗಕ್ಕೆ ಒಡ್ಡಬೇಡಿ. ಡಿಜಿಟಲ್ ಸಹಿಗೆ ಬಳಸುವ ಯುಎಸ್‌ಬಿ ಟೋಕನ್ ಮತ್ತು ಹಳೆಯ ಲೇಸರ್ ಪ್ರಿಂಟರ್ ಎರಡಕ್ಕೂ ಲಿನಕ್ಸ್ ಡ್ರೈವರ್ ಇದೆಯೇ ಎಂದು ಮೊದಲೇ ನೋಡಿಕೊಳ್ಳದೆ ಹೆಜ್ಜೆ ಇಟ್ಟವರು ಪಟ್ಟ ಪಾಡನ್ನು ನಾನು ಕಂಡಿದ್ದೇನೆ.

ಹಾಗಾದರೆ ಉಳಿಯುವುದು ವಿಂಡೋಸ್ 11. ಇಲ್ಲಿಯೇ ಎಸ್.ಪಿ. ರಸ್ತೆಯಲ್ಲಿ ಹಣ ಕಳೆದುಕೊಳ್ಳುವ ಸಂದರ್ಭಗಳು ಹೆಚ್ಚು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್, ಯಂತ್ರ ಆರಂಭವಾಗುವಾಗ ತಂತ್ರಾಂಶವನ್ನು ಪರೀಕ್ಷಿಸುವ ಸೆಕ್ಯೂರ್ ಬೂಟ್ ಮತ್ತು ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ನಿಮ್ಮದು ಒಂದೇ ಮೆಟ್ಟಿಲು ಕೆಳಗಿದೆ. ಎಂಟನೇ ತಲೆಮಾರಿನ ಹಳೆಯ ಚಿಪ್ ತಂದು ಇದೇ ಬೋರ್ಡಿಗೆ ಕೂರಿಸಿಬಿಡೋಣ, ಸಾಕೆಟ್ ಒಂದೇ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಎರಡರ ಸಾಕೆಟ್ಟಿನ ಹೆಸರು ಎಲ್‌ಜಿಎ 1151 ಎಂದೇ ಇದ್ದರೂ ಎಂಟನೇ ತಲೆಮಾರಿಗೆ 300 ಸರಣಿಯ ಬೋರ್ಡ್ ಬೇಕು, ನಿಮ್ಮ 2017ರ 100 ಅಥವಾ 200 ಸರಣಿಯ ಬೋರ್ಡಿನಲ್ಲಿ ಅದು ಕೆಲಸ ಮಾಡುವುದಿಲ್ಲ. ಪರಿಶೀಲನೆಯನ್ನು ತಪ್ಪಿಸಿ ವಿಂಡೋಸ್ 11 ಹಾಕಿಕೊಡುತ್ತೇವೆ ಎನ್ನುವವರೂ ಇದ್ದಾರೆ. ಅದು ಓಡುತ್ತದೆ, ನಾನೂ ಒಂದು ಹಳೆಯ ಯಂತ್ರದಲ್ಲಿ ಹಾಕಿ ನೋಡಿದ್ದೇನೆ. ಆದರೆ ಹೊಂದದ ಯಂತ್ರಗಳಿಗೆ ಮುಂದಿನ ಅಪ್‌ಡೇಟುಗಳು ಬರುತ್ತವೆಂಬ ಖಾತರಿಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ಅನ್ನ ಕೊಡುವ ಯಂತ್ರದಲ್ಲಿ ಅಂಥ ಕೆಲಸ ಬೇಡ.

ಕಂಪನಿಗಳು ಮೂರು ನಾಲ್ಕು ವರ್ಷ ಬಳಸಿ ಹೊರಹಾಕುವ ಡೆಸ್ಕ್‌ಟಾಪುಗಳು ಬೆಂಗಳೂರಿನಲ್ಲಿ ಸಿಗುವಷ್ಟು ಬೇರೆ ಊರುಗಳಲ್ಲಿ ಸಿಗುವುದು ಕಷ್ಟ. ಡೆಲ್ ಆಪ್ಟಿಪ್ಲೆಕ್ಸ್, ಲೆನೊವೊ ಥಿಂಕ್‌ಸೆಂಟರ್, ಎಚ್‌ಪಿ ಎಲೈಟ್‌ಡೆಸ್ಕ್ ಎಂಬ ಹೆಸರುಗಳನ್ನು ಕೇಳಿರುತ್ತೀರಿ. ಹತ್ತನೇ ತಲೆಮಾರು ಅಥವಾ ಅದಕ್ಕಿಂತ ಹೊಸದಾದ ಐ5 ಇರುವ ಅಂಥದೊಂದು ನಿಮ್ಮ ಕೆಲಸಕ್ಕೆ ಧಾರಾಳವಾಗಿ ಸಾಕು, ಹಣವೂ ಉಳಿಯುತ್ತದೆ. ಎಂಟನೆಯದು ಅರ್ಹವೇ ಆದರೂ ಗಡಿಯ ಮೇಲೆ ನಿಂತಿರುವುದನ್ನು ಕೊಂಡು ಮತ್ತೆ ಇದೇ ಪ್ರಶ್ನೆ ಕೇಳುವಂತಾಗಬಾರದು. ಕೊಳ್ಳುವ ಮುನ್ನ ಅಂಗಡಿಯಲ್ಲಿಯೇ ಯಂತ್ರವನ್ನು ಆನ್ ಮಾಡಿಸಿ, ಬಯೋಸ್‌ಗೆ (ಬೋರ್ಡಿನ ಮೂಲ ಸೆಟ್ಟಿಂಗುಗಳಿಗೆ) ಹಳೆಯ ಕಂಪನಿಯ ಪಾಸ್‌ವರ್ಡ್ ಉಳಿದಿದೆಯೇ ನೋಡಿ. ಉಳಿದಿದ್ದರೆ ಸೆಕ್ಯೂರ್ ಬೂಟ್ ಮುಂತಾದುವನ್ನು ನೀವು ಬದಲಿಸಲಾರಿರಿ. ಸ್ಟಾರ್ಟ್ ಮೆನುವಿನಲ್ಲಿ ಟಿಪಿಎಂ ಡಾಟ್ ಎಂಎಸ್‌ಸಿ ಎಂದು ಇಂಗ್ಲಿಷಿನಲ್ಲಿ ಟೈಪಿಸಿದರೆ 2.0 ಎಂದು ತೋರಿಸಬೇಕು. ತೀರಾ ಚಿಕ್ಕ ಡಬ್ಬಿಗಳ ಪವರ್ ಸಪ್ಲೈ ಆಯಾ ಕಂಪನಿಯದೇ ಅಳತೆಯದಾಗಿರುವುದರಿಂದ ಸುಟ್ಟುಹೋದರೆ ಬದಲಿ ಹುಡುಕುವುದು ತ್ರಾಸ. ಸಾಧ್ಯವಾದರೆ ಟವರ್ ಮಾದರಿಯನ್ನೇ ತೆಗೆದುಕೊಳ್ಳಿ. ಬಿಲ್ ಇಲ್ಲದೆ ಕೊಳ್ಳಬೇಡಿ. ಮಳೆಗಾಲದಲ್ಲಿ ನಮ್ಮ ಬಡಾವಣೆಗಳ ವಿದ್ಯುತ್ ಹೇಗೆ ಕಣ್ಣುಮುಚ್ಚಾಲೆ ಆಡುತ್ತದೆಂದು ನಿಮಗೆ ಗೊತ್ತೇ ಇದೆ, ಹಾಗಾಗಿ ಉಳಿದ ಹಣದಲ್ಲಿ ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿಸಿ.

ಈಗ ಉಳಿದಿರುವ ಪ್ರಶ್ನೆ: ಯಾವಾಗ ಬದಲಿಸಬೇಕು? ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆಬಳಕೆದಾರರಿಗೆ ಭದ್ರತಾ ಅಪ್‌ಡೇಟುಗಳನ್ನು 2026ರ ಅಕ್ಟೋಬರ್ 13ರವರೆಗೆ ವಿಸ್ತರಿಸಿಕೊಳ್ಳುವ ಯೋಜನೆಯಿದೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗುಗಳನ್ನು ಸಿಂಕ್ ಮಾಡಿಕೊಂಡರೆ ಅದಕ್ಕೆ ಹಣ ಕೊಡಬೇಕಾಗಿಲ್ಲ. ಸಂಸ್ಥೆಗಳಿಗೆ ಇರುವ ಯೋಜನೆ ಬೇರೆ, ಯಂತ್ರವೊಂದಕ್ಕೆ ಮೊದಲ ವರ್ಷ 61 ಡಾಲರ್, ಆಮೇಲೆ ಪ್ರತಿ ವರ್ಷ ಇಮ್ಮಡಿ. ನಿಮ್ಮ ಯಂತ್ರದ ಬೆಲೆಗೆ ಅದು ಕಟ್ಟುವ ಹಣವಲ್ಲ. ಬೆಂಬಲ ಮುಗಿದ ಮರುದಿನವೇ ಯಂತ್ರ ನಿಂತುಹೋಗುವುದಿಲ್ಲ ಎಂಬುದು ನಿಜ, ಆದ್ದರಿಂದಲೇ ಜನ ಮುಂದೂಡುತ್ತಾರೆ. ಹಿಂದಿನ ಎರಡು ಸಲ ಆದದ್ದನ್ನು ನೋಡಿ. ಎಕ್ಸ್‌ಪಿಗೆ ಬೆಂಬಲ 2014ರ ಏಪ್ರಿಲಿನಲ್ಲಿ ಮುಗಿಯಿತು, 2016ರಲ್ಲಿ ಕ್ರೋಮ್ ಅದನ್ನು ಕೈಬಿಟ್ಟಿತು. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ ಮುಗಿಯಿತು, 2023ರ ಫೆಬ್ರವರಿಯಲ್ಲಿ ಕ್ರೋಮ್ ಅದನ್ನೂ ಬಿಟ್ಟಿತು. ಬ್ರೌಸರ್ ಹಳೆಯದಾಯಿತೆಂದರೆ ಬ್ಯಾಂಕಿನ ಪುಟ, ಜಿಎಸ್‌ಟಿ ಪುಟ ಒಂದೊಂದಾಗಿ ತಕರಾರು ತೆಗೆಯುತ್ತವೆ. ಆದ್ದರಿಂದ ನಿಮಗೆ ಆತುರವಿಲ್ಲ, ಆದರೆ 2026ರ ಅಕ್ಟೋಬರನ್ನು ದಾಟಿಸಬೇಡಿ.

ಆ ಗಡುವಿನ ಒಳಗೆ ಯಾವ ವಾರವನ್ನು ಆರಿಸಿಕೊಳ್ಳಬೇಕೆಂಬುದು ನಿಮ್ಮ ವೃತ್ತಿಗೆ ತಕ್ಕ ವಿಚಾರ. ಒಮ್ಮೆ ನಾನು ವೈಶಾಖದ ಮದುವೆಗಳ ನಡುವೆ, ಶನಿವಾರ ರಾತ್ರಿ ಕುಳಿತು ಮುದ್ರಣಾಲಯದ ಯಂತ್ರವನ್ನು ಹೊಸ ಆವೃತ್ತಿಗೆ ಏರಿಸಿದೆ. ಬೆಳಿಗ್ಗೆ ಎಲ್ಲವೂ ಸರಿಯಾಗಿಯೇ ಇತ್ತು, ಪ್ರಿಂಟರಿನ ಡ್ರೈವರ್ ಒಂದನ್ನು ಬಿಟ್ಟು. ಮೂರು ಮನೆಯವರು ಲಗ್ನಪತ್ರಿಕೆಯ ಕರಡಿಗಾಗಿ ಬೆಂಚಿನ ಮೇಲೆ ಕುಳಿತಿದ್ದರು. ಅವರಲ್ಲಿ ಒಬ್ಬ ಹಿರಿಯರು ನನಗೆ ಕಾಫಿ ತರಿಸಿಕೊಟ್ಟು ಕಾದದ್ದು ಇಂದಿಗೂ ನಾಚಿಕೆ ತರಿಸುತ್ತದೆ. ಅಂದಿನಿಂದ ನಾನು ಇಂಥ ಕೆಲಸವನ್ನು ಆಷಾಢಕ್ಕೇ ಇಟ್ಟುಕೊಳ್ಳುತ್ತೇನೆ. ಮದುವೆ, ಗೃಹಪ್ರವೇಶ ಯಾವುದೂ ಇಲ್ಲದ ಆ ತಿಂಗಳು ನಮ್ಮ ಕಸುಬಿನವರಿಗೆ ಖಾಲಿ ತಿಂಗಳು. ಟ್ಯಾಲಿಯೂ ಇರುವುದರಿಂದ ತಿಂಗಳ 20ನೇ ತಾರೀಕಿನ ಜಿಎಸ್‌ಟಿ ರಿಟರ್ನ್ ಸಲ್ಲಿಸಿಯಾದ ಮೇಲೆ ಕೈ ಹಾಕಿ. ಹೊಸ ಯಂತ್ರ ಬಂದರೂ ಹಳೆಯದನ್ನು ಕೂಡಲೇ ಬಿಚ್ಚಬೇಡಿ. ಒಂದು ತಿಂಗಳು ಎರಡೂ ಪಕ್ಕಪಕ್ಕದಲ್ಲಿ ಓಡಲಿ.

ಅಲ್ಲಿಯವರೆಗೆ ಮಾಡಬೇಕಾದ ಕೆಲಸ ಎರಡಿದೆ. ಹಳೆಯ ಯಂತ್ರ ನಿಧಾನವೆಂದು ದೂರಿದ್ದೀರಿ. ಅದಕ್ಕೆ ಮುಖ್ಯ ಕಾರಣ ತಿರುಗುವ ಹಾರ್ಡ್ ಡಿಸ್ಕ್ ಎಂದೇ ನನ್ನ ಅಂದಾಜು. ಒಂದು ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ತಂದು ವಿಂಡೋಸನ್ನು ಅದರ ಮೇಲೆ ಇದ್ದಂತೆಯೇ ನಕಲು (ಕ್ಲೋನ್) ಮಾಡಿಸಿದರೆ ಪ್ರೊಸೆಸರ್ ಬದಲಿಸದೆಯೇ ಹೊಸ ಯಂತ್ರದಂತೆ ಎದ್ದು ಕೂರುತ್ತದೆ. 2025ರ ಕೊನೆಯಿಂದ ಮೆಮೊರಿಯ ಬೆಲೆ ಏರಿರುವುದರಿಂದ ರ‍್ಯಾಮ್ ಹೆಚ್ಚಿಸುವುದನ್ನು ಸದ್ಯಕ್ಕೆ ಬಿಡಿ. ಎರಡನೆಯದು, ಖಾಯಂ ಗಿರಾಕಿಗಳ ಆ ಹಳೆಯ ಕಡತಗಳನ್ನು ಒಂದೊಂದಾಗಿ ಪರಿವರ್ತಕದ ಮೂಲಕ ಯೂನಿಕೋಡಿಗೆ ತಂದು, ಮೂಲದ ಪಿಡಿಎಫ್ ಪ್ರತಿಯನ್ನೂ ತೆಗೆದಿಟ್ಟುಕೊಳ್ಳುವುದು. ಪರಿವರ್ತನೆಯಲ್ಲಿ ಅರ್ಕಾವತ್ತು ಮತ್ತು ಒತ್ತಕ್ಷರಗಳು ಕೆಲವೊಮ್ಮೆ ಎಡವುತ್ತವೆ, ಆದ್ದರಿಂದ ಹೆಸರುಗಳನ್ನು ಕಣ್ಣಿಟ್ಟು ಓದಿ. ದಿನಕ್ಕೆ ಎರಡು ಕಡತವಾದರೂ ಆಷಾಢದ ಹೊತ್ತಿಗೆ ಕಟ್ಟು ಬಹಳ ಸಡಿಲವಾಗಿರುತ್ತದೆ.

ಇನ್ನು ಮಗಳ ವಿಷಯ. ಅವಳು ಎಂಜಿನಿಯರಿಂಗಿನ ಯಾವ ವಿಭಾಗ ಎಂದು ನೀವು ಬರೆದಿಲ್ಲ. ಕಂಪ್ಯೂಟರ್ ವಿಜ್ಞಾನವಾದರೆ ಪೈಥಾನ್, ಜಾವಾ, ಸಿ ಎಲ್ಲವೂ ಮೂರೂ ಕಡೆ ನಡೆಯುತ್ತವೆ. ಮೆಕ್ಯಾನಿಕಲ್ ಆದರೆ ಯಂತ್ರಭಾಗಗಳ ವಿನ್ಯಾಸದ ಸಾಲಿಡ್‌ವರ್ಕ್ಸ್‌ಗೆ ವಿಂಡೋಸ್ ಬೇಕು. ಎಲೆಕ್ಟ್ರಾನಿಕ್ಸ್ ಆದರೆ ಚಿಪ್ ವಿನ್ಯಾಸದ ವಿವಾಡೋ ವಿಂಡೋಸ್ ಮತ್ತು ಲಿನಕ್ಸಿನಲ್ಲಿ ಮಾತ್ರ ಸಿಗುತ್ತದೆ. ಅಂಗಡಿಗೆ ಬೇರೆ ಯಂತ್ರ ಬಂದ ಮೇಲೆ ಈ 2017ರ ಡೆಸ್ಕ್‌ಟಾಪನ್ನು ಎಸ್‌ಎಸ್‌ಡಿ ಸಮೇತ ಮನೆಗೆ ಒಯ್ದು ಲಿನಕ್ಸ್ ಮಿಂಟ್ 22 ಹಾಕಿ ಅವಳ ಕೈಗೆ ಕೊಡಿ. ಅದಕ್ಕೆ 2029ರವರೆಗೆ ಅಪ್‌ಡೇಟುಗಳು ಬರುತ್ತವೆ. ಮೊದಲೆರಡು ವರ್ಷದ ಓದಿಗೆ ಅದು ಸಾಲುತ್ತದೆ, ಅಷ್ಟರಲ್ಲಿ ತನಗೆ ಮ್ಯಾಕ್ ನಿಜವಾಗಿ ಬೇಕೇ ಎಂಬುದು ಅವಳಿಗೇ ತಿಳಿದಿರುತ್ತದೆ.

ಒಂದು ಎಚ್ಚರಿಕೆ ಬಾಕಿ ಇದೆ. ವಿಂಡೋಸ್ 11ರ 24ಎಚ್2 ಅಥವಾ ಅದರ ನಂತರದ ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕರೆ ಡಿಸ್ಕ್ ತಾನಾಗಿಯೇ ಬಿಟ್‌ಲಾಕರ್ ಎಂಬ ಗೂಢಲಿಪಿ ಬೀಗಕ್ಕೆ ಒಳಗಾಗುವ ಸಾಧ್ಯತೆ ಹೆಚ್ಚು. ರಿಕವರಿ ಕೀ ಎಂಬ 48 ಅಂಕಿಗಳನ್ನು ಖಾತೆಯಲ್ಲಿ ನೋಡಿ, ಕಾಗದದ ಮೇಲೆ ಮುದ್ರಿಸಿ ಬಿಲ್ಲಿನ ಜೊತೆ ಇಡಿ. ಪ್ರಿಂಟರಿನ ಮಾದರಿ ಸಂಖ್ಯೆಯನ್ನು ಇಲ್ಲಿ ಬರೆಯಿರಿ, ಅದಕ್ಕೆ ವಿಂಡೋಸ್ 11ರ ಡ್ರೈವರ್ ಇದೆಯೇ ಎಂದು ನೋಡಿ ನಾಳೆ ಸಂಜೆ ತಿಳಿಸುತ್ತೇನೆ.