ಹಳೆಯ ಎಚ್‌ಎಂಟಿ ಕೈಗಡಿಯಾರ ಅಸಲಿಯೇ ಎಂದು ಕೊಳ್ಳುವ ಮುನ್ನ ತಿಳಿಯುವುದು ಹೇಗೆ?

ಕಿತ್ತಳೆ ಬಣ್ಣದ ಡಯಲಿನ ಎಚ್‌ಎಂಟಿ ಜನತಾ ಗಡಿಯಾರವೊಂದು ಎಪ್ಪತ್ತರ ದಶಕದ್ದು, ಬಳಸದೆ ಹಾಗೆಯೇ ಇಟ್ಟದ್ದು ಎಂದು ಮಾರುವವರು ಹೇಳುತ್ತಿದ್ದಾರೆ, ನಂಬಬಹುದೇ ಎಂದು ಕೇಳಿದ್ದೀರಿ. ನಾನಾದರೆ ನಂಬುವುದಿಲ್ಲ, ಹಾಗೆಂದು ಅದನ್ನು ನಕಲಿ ಎಂದೂ ಕರೆಯುವುದಿಲ್ಲ. ಹಳೆಯ ಎಚ್‌ಎಂಟಿಗಳಲ್ಲಿ ಇಡೀ ಗಡಿಯಾರವೇ ಸುಳ್ಳಾಗಿರುವುದು ಅಪರೂಪ. ಅಸಲಿ ಮಷೀನಿನ ಮೇಲೆ ಹೊಸದಾಗಿ ಬಣ್ಣ ಹೊಡೆದ ಡಯಲನ್ನು ಕೂರಿಸಿ, ಎಲ್ಲೆಲ್ಲಿಂದಲೋ ಬಿಚ್ಚಿದ ಮುಳ್ಳು, ಕೇಸು, ಕೀಲಿಗಳನ್ನು ಜೋಡಿಸಿ ಮಾರುವುದೇ ಹೆಚ್ಚು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದೊಡನೆ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಈ ಕಾರ್ಖಾನೆಯ ಗಡಿಯಾರಗಳು ದಶಕಗಳ ಕಾಲ ಮನೆಮನೆಗೂ ಹೋದದ್ದರಿಂದ ಬಿಡಿಭಾಗಗಳಿಗೆ ಬರವಿಲ್ಲ. 2016ರಲ್ಲಿ ಘಟಕಗಳನ್ನು ಮುಚ್ಚಲು ಸರ್ಕಾರ ನಿರ್ಧರಿಸಿದ ಸುದ್ದಿ ಬಂದ ಮೇಲಂತೂ ಇವುಗಳ ಮೇಲಿನ ಮೋಹ ಇನ್ನಷ್ಟು ಹೆಚ್ಚಿತು.

ಆದ್ದರಿಂದ ಮೊದಲು ಡಯಲನ್ನೇ ನೋಡಬೇಕು, ಅದೂ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯಲ್ಲಿ. ಕಾರ್ಖಾನೆಯ ಮುದ್ರಣದಲ್ಲಿ ‘ಪ್ಯಾರಾ ಶಾಕ್’, ‘17 ಜ್ಯುವೆಲ್ಸ್’ ಎಂಬ ಪುಟ್ಟ ಇಂಗ್ಲಿಷ್ ಅಕ್ಷರಗಳ ಅಂಚು ಚೂಪಾಗಿರುತ್ತದೆ, ಅಂತರ ಒಂದೇ ಸಮವಾಗಿರುತ್ತದೆ. ಮರುಬಣ್ಣದ ಡಯಲಿನಲ್ಲಿ ಅಕ್ಷರಗಳು ದಪ್ಪಗಾಗಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ನಿಮಿಷದ ಗೆರೆಗಳು ಗಂಟೆಯ ಗುರುತುಗಳಿಗೆ ನೇರವಾಗಿ ಕೂಡುವುದಿಲ್ಲ. ಮುಳ್ಳುಗಳು ಹಾಯುವ ನಡುವಿನ ತೂತಿನ ಅಂಚಿನಲ್ಲಿ ಬಣ್ಣ ಹೆಪ್ಪುಗಟ್ಟಿರುತ್ತದೆ. ಕಡುಕಿತ್ತಳೆ, ಗಿಳಿಹಸಿರಿನಂಥ ಬಣ್ಣ ಕಂಡರೆ ನನಗೆ ಅನುಮಾನ ಮೊದಲೇ ಹುಟ್ಟುತ್ತದೆ. ಕಪ್ಪು ಡಯಲಿನ ‘ಪೈಲಟ್’ ಎಂಬ ಎಚ್‌ಎಂಟಿ ಮಾದರಿಯಾದರೆ ರೇಡಿಯಂ ಎಂದು ನಾವು ಕರೆಯುವ ಹೊಳೆಯುವ ಲೇಪವನ್ನು ಹೋಲಿಸಿ: ಡಯಲಿನ ಚುಕ್ಕೆಗಳು ಹಳದಿಗಟ್ಟಿದ್ದು ಮುಳ್ಳುಗಳಲ್ಲಿ ಮಾತ್ರ ಅದು ಬೆಳ್ಳಗಿದ್ದರೆ, ಮುಳ್ಳು ಬೇರೆಡೆಯಿಂದ ಬಂದಿರುವ ಸಾಧ್ಯತೆ ಹೆಚ್ಚು.

ಹಿಂಬದಿಯ ಮುಚ್ಚಳ ತೆಗೆಸಿ ಮಷೀನಿನ ಫೋಟೋ ಕೇಳುವುದಕ್ಕೆ ಸಂಕೋಚ ಬೇಡ. ಅದರ ಮೇಲೆ ಎಚ್‌ಎಂಟಿ ಹೆಸರು ಕೆತ್ತಿರಬೇಕು. ತಿರುಪುಗಳ ತಲೆ ಕಿತ್ತುಹೋಗಿರಬಾರದು, ತುಕ್ಕು ಇರಬಾರದು. ‘ಬಳಸದೆ ಇಟ್ಟದ್ದು’ ಎನ್ನುವ ಗಡಿಯಾರದ ಮುಚ್ಚಳದ ಒಳಮೈಯಲ್ಲಿ ರಿಪೇರಿಯವರು ಗೀಚಿದ ಗುರುತು ಕಂಡರೆ ಆ ಮಾತು ಅಲ್ಲಿಗೇ ಸುಳ್ಳಾಯಿತು. ಎದುರಿಗೇ ನೋಡುವ ಅವಕಾಶವಿದ್ದರೆ ಕೀಲಿ ಕೊಟ್ಟು ಸೆಕೆಂಡಿನ ಮುಳ್ಳನ್ನು ಗಮನಿಸಿ. ಜನತಾದಂಥ ಕೀಲಿಯ ಗಡಿಯಾರದಲ್ಲಿ ಅದು ಸೆಕೆಂಡಿಗೆ ಐದು ಪುಟ್ಟ ಹೆಜ್ಜೆಗಳಲ್ಲಿ ಸರಿಯುತ್ತದೆ, ಸೆಕೆಂಡಿಗೊಮ್ಮೆ ಹಾರಿದರೆ ಒಳಗಿರುವುದು ಬ್ಯಾಟರಿಯ ಮಷೀನು. ದಿನಕ್ಕೆ ಒಂದೆರಡು ನಿಮಿಷ ಹಿಂದೆ ಮುಂದೆ ಆಗುವುದು ಮಾತ್ರ ನಕಲಿಯ ಲಕ್ಷಣವಲ್ಲ, ಸರ್ವಿಸ್ ಆಗಿಲ್ಲವೆಂದಷ್ಟೇ ಅರ್ಥ.

ಬೆಂಗಳೂರಿನಲ್ಲಿದ್ದರೆ ಜಾಲಹಳ್ಳಿಯ ಎಚ್‌ಎಂಟಿ ಹೆರಿಟೇಜ್ ಸೆಂಟರ್‌ಗೆ ಹೋಗಿ ಅಲ್ಲಿಟ್ಟಿರುವ ಮೂಲ ಡಯಲುಗಳನ್ನು ಕಣ್ತುಂಬ ನೋಡಿ ಬನ್ನಿ. ಫೋಟೋಗಳನ್ನು ಹೋಲಿಸುವುದು ಆಗ ಸುಲಭವಾಗುತ್ತದೆ. ಕಿತ್ತಳೆ ಡಯಲು ಅಷ್ಟೊಂದು ಇಷ್ಟವಾಗಿದ್ದರೆ ಕೊಳ್ಳಲು ಅಡ್ಡಿಯಿಲ್ಲ, ಆದರೆ ಕೈಗೆ ಕಟ್ಟುವ ಗಡಿಯಾರದ ಬೆಲೆ ಕೊಡಿ, ಸಂಗ್ರಹಕಾರರ ಬೆಲೆ ಕೊಡಬೇಡಿ.